ಹೊಗಳಿಕೆ ಮತ್ತು ತರ್ಪಣ: ಗದಾಯುದ್ಧದ ಇಬ್ಬರು ಹುಡುಗರು, ಆಸ್ಟ್ರೇಲಿಯಾದ ಎರಡು ಸ್ಮಾರಕಗಳು

ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಹೋಗುವ ಭಾಗವನ್ನು ‘ದುರ್ಯೋಧನ ವಿಲಾಪ’ವೆಂಬ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿ ಓದಿದವರು ಬಹಳ ಮಂದಿ. ದ್ರೋಣ, ಅಭಿಮನ್ಯು, ಲಕ್ಷ್ಮಣಕುಮಾರ, ದುಶ್ಶಾಸನ, ಕರ್ಣ, ಹೀಗೆ ಒಂದೊಂದು ಕಳೇಬರದ ಮುಂದೆ ನಿಂತು ಅವನು ಮಾತನಾಡುತ್ತಾನೆ. ತರಗತಿಯಲ್ಲಿ ನಮ್ಮ ಒಲವೆಲ್ಲ ಕರ್ಣನ ಕಡೆಗೆ. ಗೆಳೆಯನನ್ನು ಕಳೆದುಕೊಂಡ ಅರಸನ ಅಳಲಿಗೆ ಬೇಕಾದಷ್ಟು ಸಮಯ ಕೊಡುತ್ತೇವೆ; ಅದಕ್ಕೆ ಮುಂಚೆ ಬರುವ ಇಬ್ಬರು ಹುಡುಗರನ್ನು ಬೇಗ ದಾಟಿಬಿಡುತ್ತೇವೆ. ಹಲವು ವರ್ಷ ಪಾಠ ಹೇಳಿದ ನಾನೂ ದಾಟಿದವನೇ. ಆ ಇಬ್ಬರ ಬಳಿಗೆ ನಾನು ಮರಳಿದ್ದು ಬಹಳ ತಡವಾಗಿ, ಅದೂ ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ಎರಡು ಯುದ್ಧಸ್ಮಾರಕಗಳನ್ನು ನೋಡಿದ ಮೇಲೆ. ಕಾವ್ಯವೊಂದನ್ನು ಕಟ್ಟಡದಿಂದ ವಿವರಿಸುವುದು ಅಪಾಯದ ಕೆಲಸವೆಂಬುದನ್ನು ಬಲ್ಲೆ. ಆದರೂ ಎಳೆಯ ಯೋಧನೊಬ್ಬನ ಸಾವಿನ ಮುಂದೆ ಯಾವ ಮಾತು ಸಲ್ಲುತ್ತದೆ, ಯಾರು ಆಡಿದರೆ ಸಲ್ಲುತ್ತದೆ ಎಂಬ ಪ್ರಶ್ನೆ ರನ್ನನಿಗೂ ಆ ಶಿಲ್ಪಿಗಳಿಗೂ ಒಂದೇ ಆಗಿತ್ತು.

ಮೊದಲು ಪಠ್ಯ. ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನನು ಅವನನ್ನು ಅರ್ಜುನನ ಮಗನೆಂದು ಕರೆದು, ಗುರು ರಚಿಸಿದ ಚಕ್ರವ್ಯೂಹವನ್ನು ಹೊಕ್ಕು ಶತ್ರುರಾಜರನ್ನು ಕೆಡವಿದ ನಿನಗೆ ಸಮಾನರಾದ ಗಂಡರುಂಟೆ ಎಂದು ಕೇಳುತ್ತಾನೆ. ನಿನ್ನನ್ನು ಹೆತ್ತವಳು ವೀರಜನನಿಯೆಂಬ ಹೆಸರನ್ನು ಪಡೆದಳು ಎನ್ನುತ್ತಾನೆ. ಕೊನೆಗೆ ಒಂದು ಬೇಡಿಕೆ: ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ನನ್ನದಾಗಿ, ಅಂಥ ಸಾವು ನನಗೂ ಬರಲಿ. ಈ ಬೇಡಿಕೆಯಲ್ಲಿ ರನ್ನ ಬಳಸುವ ಪದ ‘ಅನುಮರಣ’. ಪದದ ತೂಕವನ್ನು ಸ್ವಲ್ಪ ಎಣಿಸಬೇಕು. ಹತ್ತನೆಯ ಶತಮಾನದ ಕನ್ನಡ ಜಗತ್ತಿನಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಸಾಯುವುದು ಒಡೆಯನ ಹಿಂದೆ ಆಳು, ಗಂಡನ ಹಿಂದೆ ಹೆಂಡತಿ ಎಂಬ ಕ್ರಮದಲ್ಲಿ ನಡೆಯುತ್ತಿತ್ತು. ಜೋಳವಾಳಿ ವೇಳೆವಾಳಿಗಳ ಶಾಸನಗಳು ಅದನ್ನೇ ಸಾರುತ್ತವೆ. ಇಲ್ಲಿ ಚಕ್ರವರ್ತಿಯೊಬ್ಬ ವೈರಿಯ ಎಳೆಯ ಮಗನ ಹಿಂದೆ ಸಾಯಲು ಬಯಸುತ್ತಿದ್ದಾನೆ.

ಮುಂದಿನ ಹೆಣ ಲಕ್ಷ್ಮಣಕುಮಾರನದು, ಅವನದೇ ಮಗನದು. ಇಲ್ಲಿ ಶೌರ್ಯದ ಮಾತು ನಿಂತುಹೋಗುತ್ತದೆ. ತಂದೆಗೆ ಮಗನು ತರ್ಪಣದ ನೀರನ್ನು ಬಿಡುವುದು ಉಚಿತ. ಅದು ಕೆಟ್ಟು ಈಗ ನಿನಗೆ ನಾನು ಬಿಡುವಂತಾಯಿತೆ, ಮಗನೆ, ಹೀಗೆ ಕ್ರಮವನ್ನು ತಲೆಕೆಳಗು ಮಾಡಬಹುದೆ ಎಂದಷ್ಟೇ ಕೇಳುತ್ತಾನೆ. ಮಗನನ್ನು ಮೆಲ್ಲಗೆ ಗದರುವ ಧಾಟಿ. ದುಶ್ಶಾಸನನ ಮುಂದೆಯೂ ಇದೇ ಕ್ರಮದ ಮಾತು ಬರುತ್ತದೆ: ಹುಟ್ಟಿನಲ್ಲಿ, ಉಣಿಸು ತಿನಿಸಿನಲ್ಲಿ ಎಲ್ಲದರಲ್ಲೂ ನನ್ನ ಹಿಂದೆ ಇದ್ದವನು ಸಾವಿನಲ್ಲಿ ಮಾತ್ರ ಮುಂದಾದೆ ಎಂಬ ಅರ್ಥದಲ್ಲಿ.

ಈ ಎರಡು ಹೆಣಗಳ ನಡುವಿನ ಸಂಬಂಧವನ್ನು ಮರೆತು ಓದುವುದು ಸುಲಭ. ಮಹಾಭಾರತದ ಕಥೆಯಂತೆ ಲಕ್ಷ್ಮಣಕುಮಾರನನ್ನು ಕೊಂದವನು ಅಭಿಮನ್ಯುವೇ, ಅದೇ ಹದಿಮೂರನೆಯ ದಿನದ ಯುದ್ಧದಲ್ಲಿ. ಅಂದರೆ ದುರ್ಯೋಧನನು ಮೊದಲು ತನ್ನ ಮಗನ ಕೊಲೆಗಾರನನ್ನು ಹೊಗಳಿ, ಆಮೇಲೆ ಮಗನ ಮುಂದೆ ಬಂದು ನಿಲ್ಲುತ್ತಾನೆ. ವಿಮರ್ಶಕರು ಬಹುಕಾಲದಿಂದ ಇದನ್ನು ದುರ್ಯೋಧನನ ಔದಾರ್ಯವೆಂದು ಓದಿದ್ದಾರೆ. 1926ರ ‘ಗದಾಯುದ್ಧ ನಾಟಕಂ’ನಲ್ಲಿ ಬಿ.ಎಂ.ಶ್ರೀಯವರು ರನ್ನನ ಕಾವ್ಯವನ್ನು ದುರಂತನಾಟಕವಾಗಿ ಮರುಜೋಡಿಸಿದ ಮೇಲಂತೂ ಉದಾತ್ತ ಪ್ರತಿನಾಯಕನ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಯಿತು. ಆ ಓದು ತಪ್ಪಲ್ಲ, ಆದರೆ ಸಾಲದು. ದುರ್ಯೋಧನನು ಏನನ್ನು ಹೇಳಲಿಲ್ಲ ಎಂಬುದನ್ನೂ ನೋಡಬೇಕು. ಹುಡುಗ ವ್ಯೂಹವನ್ನು ಹೊಕ್ಕದ್ದನ್ನು ಹೇಳುತ್ತಾನೆ. ಹೊಕ್ಕ ಮೇಲೆ ಒಬ್ಬನನ್ನು ಹಲವರು ಮುತ್ತಿ ಕೊಂದದ್ದನ್ನು ಹೇಳುವುದಿಲ್ಲ. ಆ ಹಲವರ ಒಡೆಯ ತಾನೇ. ಹೊಗಳಿಕೆಯಲ್ಲಿ ಕೊಂದವನಿಗೆ ಮರೆಯಾಗಲು ಒಂದು ಮೂಲೆ ದೊರೆಯುತ್ತದೆ. ತರ್ಪಣದ ಮಾತಿನಲ್ಲಿ ಆ ಮೂಲೆ ಇಲ್ಲ.

ಇಷ್ಟನ್ನು ನಾನು ಗ್ರಹಿಸಿದ್ದು ಸಿಡ್ನಿಯ ಹೈಡ್ ಪಾರ್ಕಿನ ಆನ್‌ಜಾಕ್ ಸ್ಮಾರಕದಲ್ಲಿ. ವಾಸ್ತುಶಿಲ್ಪಿ ಬ್ರೂಸ್ ಡೆಲಿಟ್ ರೂಪಿಸಿದ ಈ ಕೆಂಗ್ರಾನೈಟಿನ ಕಟ್ಟಡ 1934ರ ನವೆಂಬರ್ 24ರಂದು ತೆರೆಯಿತು. ಮೇಲಿನ ಸಭಾಂಗಣದ ಗುಮ್ಮಟದ ಒಳಮೈಯಲ್ಲಿ 120,000 ಚಿನ್ನದ ಬಣ್ಣದ ನಕ್ಷತ್ರಗಳು, ಮೊದಲ ಮಹಾಯುದ್ಧಕ್ಕೆ ನ್ಯೂ ಸೌತ್ ವೇಲ್ಸ್‌ನಿಂದ ಹೋದವರ ಲೆಕ್ಕಕ್ಕೆ. ನೆಲದ ನಡುವೆ ದುಂಡನೆಯ ತೆರಪು, ಸುತ್ತ ಕಟಾಂಜನ. ಅದರ ಬಳಿ ನಿಂತು ಬಗ್ಗಿ ನೋಡಿದರೆ ಕೆಳಗಿನ ಅಂತಸ್ತಿನಲ್ಲಿ ರೇನರ್ ಹಾಫ್ ಎಂಬ ಶಿಲ್ಪಿಯ ಕಂಚಿನ ಕೃತಿ ಕಾಣುತ್ತದೆ. ಅದರ ಹೆಸರು ‘ತ್ಯಾಗ’. ಸತ್ತ ಹುಡುಗನೊಬ್ಬ ಬೆತ್ತಲೆಯಾಗಿ ಗುರಾಣಿಯ ಮೇಲೆ ಅಂಗಾತ ಮಲಗಿದ್ದಾನೆ. ತೋಳುಗಳು ಕತ್ತಿಯ ಮೇಲೆ ಚಾಚಿಕೊಂಡಿವೆ. ಆ ಗುರಾಣಿಯನ್ನು ಹೊತ್ತವರು ಮೂವರು ಹೆಂಗಸರು: ತಾಯಿ, ತಂಗಿ, ಹೆಂಡತಿ. ಹೆಂಡತಿಯ ತೋಳಿನಲ್ಲಿ ಒಂದು ಕೂಸು. ಯುದ್ಧಕ್ಕೆ ಹೊರಟವನು ಗುರಾಣಿಯೊಡನೆ ಮರಳಬೇಕು, ಇಲ್ಲವೆ ಅದರ ಮೇಲೆ ಎಂಬ ಸ್ಪಾರ್ಟಾದ ಹಳೆಯ ಐತಿಹ್ಯ ಇದರ ಹಿಂದಿದೆ. ಹಾಫ್ ತಾನೇ ಆ ಯುದ್ಧದಲ್ಲಿ ಸೈನಿಕನಾಗಿದ್ದವನು. ಹೊರಗೋಡೆಗಳಿಗೆಂದು ಅವನು ಯೋಚಿಸಿದ್ದ ಇನ್ನೆರಡು ಶಿಲ್ಪಗಳು ವಿವಾದಕ್ಕೆ ಸಿಕ್ಕಿ ಸ್ಥಾಪನೆಯಾಗಲೇ ಇಲ್ಲ; ಇದೊಂದು ಉಳಿಯಿತು.

ಕನ್ನಡದವರಿಗೆ ಇದನ್ನು ನೋಡಿದೊಡನೆ ವೀರಗಲ್ಲು ನೆನಪಾಗದೆ ಇರದು. ನನಗೂ ಆಯಿತು, ಆದರೆ ನೆನಪಾದದ್ದು ಹೋಲಿಕೆಯಿಂದಲ್ಲ, ವ್ಯತ್ಯಾಸದಿಂದ. ನಮ್ಮ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಅವನು ಕುಳಿತಿರುವುದು. ಕಣ್ಣು ಏರುತ್ತ ಹೋಗುತ್ತದೆ, ಸಾವು ಹಗುರವಾಗುತ್ತ ಹೋಗುತ್ತದೆ. ಸಿಡ್ನಿಯಲ್ಲಿಯೂ ಹೆಂಗಸರೇ ಹೊತ್ತಿದ್ದಾರೆ. ಆದರೆ ಅವರು ಆಕಾಶದವರಲ್ಲ, ಮನೆಯವರು. ಎತ್ತಿಕೊಂಡು ಹೋಗುತ್ತಿಲ್ಲ, ಭಾರವನ್ನು ಹೊತ್ತು ನಿಂತಿದ್ದಾರೆ, ಕಂಬದಂತೆ. ನೋಡುವವನ ಕಣ್ಣು ಏರುವುದಿಲ್ಲ. ತಲೆ ಬಗ್ಗಿಸದೆ ಹುಡುಗನನ್ನು ಕಾಣುವಂತೆಯೇ ಇಲ್ಲ. ದುರ್ಯೋಧನನ ನಡಿಗೆಯೂ ಇಂಥದೇ. ಯಾರಿಗೂ ತಲೆಬಾಗದ ಮಾನಿ, ಹೆಣಗಳಲ್ಲಿ ಎಡವುತ್ತ, ನೆಲ ನೋಡುತ್ತ ನಡೆಯುತ್ತಿದ್ದಾನೆ. ವೀರಗಲ್ಲುಗಳ ನಾಡಿನಲ್ಲಿ, ವೀರಗಲ್ಲುಗಳ ಶತಮಾನದಲ್ಲಿ ಬರೆಯುತ್ತಿದ್ದ ರನ್ನ ಈ ಭಾಗದಲ್ಲಿ ಮೇಲಿನ ಎರಡು ಪಟ್ಟಿಕೆಗಳನ್ನು ಕೈಬಿಟ್ಟು ಕೆಳಗಿನದೊಂದನ್ನೇ ಬರೆದ ಎಂದು ನನಗೆ ತೋರುತ್ತದೆ. ಅಲ್ಲಿಯ ಕಾಳಗ ಮುಗಿದಿದೆ. ಬಿದ್ದವರು ಬಿದ್ದಲ್ಲೇ ಇದ್ದಾರೆ.

ಹಾಗೆಂದು ವೀರಗಲ್ಲನ್ನು ಕೀಳ್ಗೈಯುವುದು ಬೇಡ. ಸಿಡ್ನಿಯ ನಕ್ಷತ್ರಗಳಲ್ಲಿ ಇಲ್ಲದ ಒಂದು ಗುಣ ಅದಕ್ಕಿದೆ: ಹೆಸರು. ಸುಮಾರು 890ರ ಬೇಗೂರಿನ ಶಾಸನ, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತನೆಂದು ಹೇಳುತ್ತದೆ. ಬೆಂಗಳೂರೆಂಬ ಊರಿನ ಹೆಸರಿಗೆ ಹಳೆಯ ಆಧಾರವೆಂದು ಅದನ್ನು ನಾವು ಎಲ್ಲೆಡೆ ಉದ್ಧರಿಸುತ್ತೇವೆ. ಒಬ್ಬನ ಮಗ ಸತ್ತದ್ದರಿಂದ ಆ ಹೆಸರು ಉಳಿಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ರನ್ನ ಹುಟ್ಟಿದ ಕಾಲಕ್ಕೆ ಕೆತ್ತಿದ ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಗೂ ಹೆಸರಿದೆ, ಕಾಳಿ ಎಂದು. ಸತ್ತವನ ಮನೆಗೆ ನೆತ್ತರುಗೊಡಗೆಯಾಗಿ ನೆಲ ಬಿಟ್ಟುಕೊಟ್ಟ ವಿವರ ಎಷ್ಟೋ ಕಲ್ಲುಗಳಲ್ಲಿದೆ. ಹೆಸರು, ಊರು, ಯಾರಿಗಾಗಿ ಸತ್ತ, ಮನೆಯವರಿಗೆ ಏನು ಕೊಟ್ಟರು: ಲೆಕ್ಕ ಸ್ಪಷ್ಟ. ಸಿಡ್ನಿಯವರಿಗೂ ಈ ಕೊರತೆ ಕಂಡಿರಬೇಕು. 2018ರಲ್ಲಿ ಸೇರಿಸಿದ ಹೊಸ ಸಭಾಂಗಣದಲ್ಲಿ ಕಲಾವಿದೆ ಫಿಯೋನಾ ಹಾಲ್, ಸೈನ್ಯ ಸೇರಿದವರು ತಮ್ಮ ವಿಳಾಸವೆಂದು ಬರೆಸಿದ 1,701 ಊರುಗಳ ಮಣ್ಣನ್ನು ತರಿಸಿ ಊರಿನ ಹೆಸರಿನೊಡನೆ ಗೋಡೆಗೆ ಕೂರಿಸಿದ್ದಾರೆ. ಮೊದಲ ಕಟ್ಟಡದ ನಕ್ಷತ್ರಗಳಿಗಿಂತ ಈ ಮಣ್ಣು ನನಗೆ ಹೆಚ್ಚು ಹತ್ತಿರವೆನಿಸಿತು. ಪಂಪನ ಬನವಾಸಿಯನ್ನು ಓದಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಮೆಲ್ಬರ್ನ್‌ನ ಶ್ರೈನ್ ಆಫ್ ರಿಮೆಂಬರೆನ್ಸ್ ಸಿಡ್ನಿಯದಕ್ಕಿಂತ 13 ದಿನ ಹಿರಿಯದು. 1934ರ ನವೆಂಬರ್ 11ರಂದು ಅದರ ಪ್ರತಿಷ್ಠೆ. ಎರಡೂ ಕಡೆ ಅತಿಥಿ ಗ್ಲಾಸ್ಟರ್‌ನ ಡ್ಯೂಕ್ ಒಬ್ಬನೇ. ಇಲ್ಲಿಯೂ ಬಗ್ಗಬೇಕು. ಗರ್ಭಗೃಹದಂಥ ಒಳಕೋಣೆಯ ನಡುವೆ ಸ್ಮರಣಶಿಲೆಯನ್ನು ನೆಲಮಟ್ಟಕ್ಕಿಂತ ಕೆಳಗೆ ಹುದುಗಿಸಿದ್ದಾರೆ, ಓದಬೇಕಾದವನು ತಲೆ ತಗ್ಗಿಸಲೆಂದು. ಅದರ ಮೇಲೆ ಬೈಬಲ್ಲಿನ ನುಡಿಯೊಂದರ ತುಣುಕು. ಪ್ರತಿವರ್ಷ ನವೆಂಬರ್ 11ರ ಬೆಳಗಿನ 11 ಗಂಟೆಗೆ ಮೇಲ್ಛಾವಣಿಯ ಕಿಂಡಿಯಿಂದ ಸೂರ್ಯನ ಕಿರಣವೊಂದು ಬಿದ್ದು ಆ ನುಡಿಯಲ್ಲಿನ ‘ಪ್ರೀತಿ’ ಎಂಬರ್ಥದ ಶಬ್ದವನ್ನು ಬೆಳಗುವಂತೆ ಲೆಕ್ಕಹಾಕಿ ಕಟ್ಟಿದ್ದರು. ಆಮೇಲೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಬಂದು ಸೂರ್ಯನಿಗೂ ಗಡಿಯಾರಕ್ಕೂ ಹೊಂದದಾಯಿತು. ಈಗ ಕನ್ನಡಿಯೊಂದನ್ನಿಟ್ಟು ಕಿರಣವನ್ನು ಹೊತ್ತಿಗೆ ಸರಿಯಾಗಿ ತಿರುಗಿಸುತ್ತಾರೆ. ನಗೆ ಬರುವ ಸಂಗತಿಯೆಂದು ಕೆಲವರಿಗೆ ತೋರಬಹುದು; ನನಗೆ ಹಾಗೆ ತೋರಲಿಲ್ಲ. ಸೂರ್ಯನೇ ಸಾಕ್ಷಿಯೆಂದು ನಂಬಿ ಕಟ್ಟಿದ ಸ್ಮರಣೆಯನ್ನು ಈಗ ವರ್ಷವರ್ಷವೂ ಯಾರೋ ಕೈಯಾರೆ ಸರಿಪಡಿಸಬೇಕಾಗಿದೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ರನ್ನನ ಪಾಠವನ್ನು ಹೊಂದಿಸಿದವರೂ ಮಾಡಿದ್ದು ಇಂಥದನ್ನೇ.

ಒಳಕೋಣೆಯ ಸುತ್ತಲಿನ ಮೊಗಸಾಲೆಯಲ್ಲಿ 42 ಕಂಚಿನ ಪೆಟ್ಟಿಗೆಗಳು. ಅವುಗಳಲ್ಲಿ ಯುದ್ಧಕ್ಕೆ ಹೋದ ವಿಕ್ಟೋರಿಯಾ ಪ್ರಾಂತ್ಯದವರ ಹೆಸರುಗಳನ್ನು ಕೈಯಲ್ಲಿ ಬರೆದ ಪುಸ್ತಕಗಳು. ಇಲ್ಲಿ ಹೆಸರುಂಟು. ಆದರೆ ಹೊಗಳಿಕೆಗೆ ಹೊಂದದ ಸಾವೂ ಉಂಟು ಎಂಬುದಕ್ಕೆ ಈ ನಗರದ ಒಬ್ಬ ಹುಡುಗನ ಕಥೆಯನ್ನು ಹೇಳಬೇಕು.

ಜೇಮ್ಸ್ ಮಾರ್ಟಿನ್ ಹುಟ್ಟಿದ್ದು 1901ರ ಜನವರಿ 3ರಂದು, ನ್ಯೂ ಸೌತ್ ವೇಲ್ಸ್‌ನ ಟೊಕಮ್‌ವಾಲ್‌ನಲ್ಲಿ. ಮನೆಯವರು ನೆಲಸಿದ್ದು ಮೆಲ್ಬರ್ನ್‌ನ ಹಾಥಾರ್ನ್‌ನಲ್ಲಿ. 1915ರ ಏಪ್ರಿಲ್ 12ರಂದು ತನಗೆ 18 ವರ್ಷವೆಂದು ಹೇಳಿಕೊಂಡು ಸೈನ್ಯ ಸೇರಿದ. ನಿಜವಾದ ವಯಸ್ಸು 14. ತಂದೆತಾಯಿ ಒಪ್ಪದಿದ್ದರೆ ಬೇರೆ ಹೆಸರಿನಲ್ಲಿ ಹೋಗುತ್ತೇನೆ, ಕಾಗದವನ್ನೂ ಬರೆಯುವುದಿಲ್ಲ ಎಂದು ಬೆದರಿಸಿದ. ಅವರು ಒಪ್ಪಿಗೆ ಕೊಟ್ಟರು. 21ನೆಯ ಬೆಟಾಲಿಯನ್ನಿನಲ್ಲಿ ಹೊರಟ. ಸೆಪ್ಟೆಂಬರ್ 2ರಂದು ಅವನಿದ್ದ ಸೌತ್‌ಲ್ಯಾಂಡ್ ಹಡಗಿಗೆ ಟಾರ್ಪೆಡೊ ಬಡಿಯಿತು, ಬದುಕಿದ. ಗಲಿಪೊಲಿಯ ಕಂದಕಗಳಲ್ಲಿ ಕೆಲವು ವಾರ ಕಳೆದ. ಅಲ್ಲಿಂದ ಬರೆದ ಕಾಗದದಲ್ಲಿ, ಊರು ಬಿಟ್ಟ ಮೇಲೆ ಮನೆಯಿಂದ ತನಗೆ ಒಂದು ಕಾಗದವೂ ಬಂದಿಲ್ಲವೆಂದು ತಿಳಿಸಿದ. ಅಕ್ಟೋಬರ್ 25ರಂದು ವಿಷಮಶೀತಜ್ವರದಿಂದ ಆಸ್ಪತ್ರೆಯ ಹಡಗಿನಲ್ಲಿ ತೀರಿಕೊಂಡ. ವಯಸ್ಸು 14 ವರ್ಷ 9 ತಿಂಗಳು. ದೇಹವನ್ನು ಕಡಲಿಗೆ ಬಿಟ್ಟರು. ಹಡಗಿನ ಮುಖ್ಯದಾದಿ ತಾಯಿಗೆ ಪತ್ರ ಬರೆದಳು. ಆ ಯುದ್ಧದಲ್ಲಿ ಸತ್ತ ಆಸ್ಟ್ರೇಲಿಯನ್ ಸೈನಿಕರಲ್ಲಿ, ತಿಳಿದಿರುವ ಮಟ್ಟಿಗೆ, ಇವನೇ ಎಲ್ಲರಿಗಿಂತ ಕಿರಿಯ.

ಅಭಿಮನ್ಯುವಿಗೆ ಪರಂಪರೆ ಕೊಡುವ ವಯಸ್ಸು ಹದಿನಾರು. ಈ ಹುಡುಗ ಅವನಿಗಿಂತ ಚಿಕ್ಕವನು. ಆದರೆ ಇವನ ಮುಂದೆ ನಿಂತು ದುರ್ಯೋಧನ ಏನೆಂದು ಹೊಗಳಿಯಾನು? ವ್ಯೂಹವನ್ನು ಹೊಕ್ಕು ಅರಸರನ್ನು ಕೆಡವಿದವನಲ್ಲ ಇವನು, ಜ್ವರದಲ್ಲಿ ಸತ್ತವನು. ಅಲಾವಿಗೊಂಡ ಕಲಿಗೆ ಸಲ್ಲುವ ಮಾತುಗಳು ಇಲ್ಲಿಗೆ ತಲುಪುವುದಿಲ್ಲ. ಅಪ್ಸರೆಯರ ಪಟ್ಟಿಕೆಯೂ ಇಲ್ಲಿಗೆ ಇಳಿಯದು. ಲಕ್ಷ್ಮಣಕುಮಾರನ ಮುಂದೆ ಆಡಿದ ಮಾತು ಮಾತ್ರ ಸಲ್ಲುತ್ತದೆ: ಕ್ರಮ ತಪ್ಪಿತು, ಕೊಡಬೇಕಾದವನು ಪಡೆಯುವವನಾದ. ಆ ಮಾತಿಗೆ ಮಗ ಶೂರನಾಗಿರಬೇಕೆಂಬ ಷರತ್ತಿಲ್ಲ, ಕಾಳಗದಲ್ಲಿಯೇ ಸತ್ತಿರಬೇಕೆಂಬ ಷರತ್ತೂ ಇಲ್ಲ. ಲಕ್ಷ್ಮಣಕುಮಾರನ ಪರಾಕ್ರಮದ ಬಗ್ಗೆ ರನ್ನ ಅಲ್ಲಿ ಒಂದು ಶಬ್ದವನ್ನೂ ವ್ಯಯಿಸಲಿಲ್ಲ ಎಂಬುದು ಹಿಂದೆ ನನಗೆ ಕೊರತೆಯಾಗಿ ಕಂಡಿತ್ತು. ಅಭಿಮನ್ಯುವಿಗೆ ಅಷ್ಟು ಹೊಗಳಿಕೆ, ಸ್ವಂತ ಮಗನಿಗೆ ಇಷ್ಟೇ ಮಾತೆ ಎಂದು ತರಗತಿಯಲ್ಲಿ ಕೇಳಿದ ವಿದ್ಯಾರ್ಥಿನಿಯೊಬ್ಬಳಿಗೆ ಸಂಕ್ಷೇಪವೂ ಒಂದು ಕಾವ್ಯಗುಣವೆಂದು ಏನೋ ಹೇಳಿ ಜಾರಿಕೊಂಡಿದ್ದೆ. ಅವಳಿಗೆ ಈಗ ಬೇರೆ ಉತ್ತರ ಕೊಟ್ಟೇನು. ಹೊಗಳುವುದು ಪರರ ಮಗನನ್ನು. ತನ್ನ ಮಗನ ಮುಂದೆ ತಂದೆಯ ಕೈಗೆ ಬರುವುದು ನೀರು.

ಕಳಿಸಿದವರ ಪ್ರಶ್ನೆಯೊಂದು ಉಳಿಯುತ್ತದೆ. ಅಭಿಮನ್ಯುವನ್ನು ವ್ಯೂಹಕ್ಕೆ ಕಳಿಸಿದವನು ಧರ್ಮರಾಯ. ಹೊರಬರುವ ದಾರಿ ಹುಡುಗನಿಗೆ ತಿಳಿಯದೆಂದು ಗೊತ್ತಿದ್ದೂ ಕಳಿಸಿದ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳುವಾಗಲೂ, ಕರಾವಳಿಯಲ್ಲಿ ಅಭಿಮನ್ಯು ಕಾಳಗದ ಪ್ರಸಂಗವನ್ನು ನೋಡುವಾಗಲೂ ನಾವು ಹುಡುಗನ ಉತ್ಸಾಹದಲ್ಲಿ ತೇಲಿ, ಆ ಕಳಿಸಿದ ಗಳಿಗೆಯನ್ನು ಕ್ಷಮಿಸಿಬಿಡುತ್ತೇವೆ. ಸ್ಮಾರಕಗಳೂ ಕ್ಷಮಿಸುತ್ತವೆ. ಅವು ‘ನಾವು’ ಎಂಬ ದನಿಯಲ್ಲಿ ಮಾತನಾಡುತ್ತವೆ. ಆ ನಾವುವಿನಲ್ಲಿ ಕಳಿಸಿದವರು, ಕಳೆದುಕೊಂಡವರು, ದೂರದಿಂದ ನೋಡಿದವರು ಎಲ್ಲ ಒಂದಾಗಿ ಕರಗುತ್ತಾರೆ. ರನ್ನನ ಹೆಚ್ಚಳವೆಂದರೆ ಶೋಕದ ಮಾತನ್ನು ಹೊಣೆಗಾರನ ಬಾಯಲ್ಲಿಯೇ ಇಟ್ಟದ್ದು. ಅವನು ಬರೆಯುತ್ತಿದ್ದದ್ದು ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡುವ ‘ಸಾಹಸಭೀಮವಿಜಯ’ವನ್ನು. ಆಶ್ರಯದಾತ ಗೆದ್ದ ಪಕ್ಷದವನು; ಸತ್ತವರನ್ನು ನೆನೆಯುವ ಹಕ್ಕನ್ನು ಕವಿ ಸೋತವನಿಗೆ, ಯುದ್ಧವನ್ನು ಬೇಡಿ ತಂದವನಿಗೆ ಕೊಟ್ಟ. ರಣರಂಗದಲ್ಲಿ ಅವನ ಜೊತೆಗೆ ‘ನಾವು’ ಎನ್ನಲು ಸಂಜಯನನ್ನು ಬಿಟ್ಟು ಯಾರೂ ಉಳಿದಿಲ್ಲ.

ಆಸ್ಟ್ರೇಲಿಯಾದ ಕನ್ನಡ ಮನೆಗಳ ಮಕ್ಕಳು ಏಪ್ರಿಲ್ 25ರ ಆನ್‌ಜಾಕ್ ದಿನದ ಸಲುವಾಗಿ ಶಾಲೆಯಲ್ಲಿ ಮೌನ ನಿಲ್ಲುತ್ತಾರೆ. ವಾರಾಂತ್ಯದಲ್ಲಿ ಅಕ್ಷರ ಕಲಿಯಲು ಬಂದಿದ್ದ ಒಬ್ಬ ಬಾಲಕ ನನ್ನನ್ನು ಕೇಳಿದ: ಆ ಯುದ್ಧದಲ್ಲಿ ನಮ್ಮವರು ಇದ್ದರೆ? ಇದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಹಿಡಿದವರು ಜೋಧಪುರದ ಮತ್ತು ಮೈಸೂರಿನ ಲಾನ್ಸರ್ ಪಡೆಗಳು. ಅವು ಸೇರಿದ್ದ ಡೆಸರ್ಟ್ ಮೌಂಟೆಡ್ ಕೋರ್‌ನ ದಂಡನಾಯಕ ಹ್ಯಾರಿ ಷೋವೆಲ್, ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿ ಮೆಲ್ಬರ್ನ್‌ನಲ್ಲಿ ತೀರಿಕೊಂಡ ಆಸ್ಟ್ರೇಲಿಯನ್. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಇಷ್ಟು ಹೇಳಿದೆ. ಅವರ ಹೆಸರೇನು ಎಂದು ಹುಡುಗ ಮತ್ತೆ ಕೇಳಿದ. ಹಾಥಾರ್ನ್‌ನ ಹುಡುಗನ ಹುಟ್ಟಿದ ದಿನ, ಸೇರಿದ ದಿನ, ಸತ್ತ ದಿನ ಹೇಳಬಲ್ಲವನಾಗಿದ್ದ ನಾನು ಮೈಸೂರಿನ ಒಬ್ಬ ಸವಾರನ ಹೆಸರನ್ನೂ ಹೇಳಲಾರದೆ ಹೋದೆ. ನಾಯಿಗೂ ಹೆಸರು ಕೆತ್ತಿದ ನಾಡಿನವನು.

ಸಿಡ್ನಿಗೆ ಎರಡನೆಯ ಸಲ ಹೋದಾಗ ಮೇಲಿನ ತೆರಪಿನ ಬಳಿ ಹೆಚ್ಚು ಹೊತ್ತು ನಿಲ್ಲದೆ ಮೆಟ್ಟಿಲಿಳಿದು ಕೆಳಗಿನ ಮೌನದ ಕೋಣೆಗೆ ಹೋದೆ. ಮೇಲಿನಿಂದ ಕಾಣುವುದು ಹುಡುಗನ ದೇಹ ಮತ್ತು ಅದರ ಸೊಬಗು. ಕೆಳಗೆ ಬಂದವನಿಗೆ ಎದುರಾಗುವುದು ಹೊತ್ತವರ ಮುಖಗಳು. ಹುಡುಗನ ತಲೆ ಹಿಂದಕ್ಕೆ ಜೋತಿರುವುದು. ಅಭಿಮನ್ಯುವಿನಿಂದ ಲಕ್ಷ್ಮಣಕುಮಾರನ ಬಳಿಗೆ ಇರುವ ದೂರ ಆ ಮೆಟ್ಟಿಲುಗಳಷ್ಟೇ. ಹೆಂಡತಿಯ ತೋಳಿನ ಕೂಸನ್ನು ನೋಡುತ್ತ ನಿಂತೆ. ಉತ್ತರೆಯ ಗರ್ಭದಲ್ಲಿದ್ದ ಪರೀಕ್ಷಿತನ ನೆನಪು ಬಂತು. ಆಮೇಲೆ, ಯಾಕೋ, ಲೆಕ್ಕ ಹಾಕಿದೆ: ಆ ಕೂಸು 1918ರಲ್ಲಿ ಹುಟ್ಟಿದ್ದೆಂದು ಎಣಿಸಿದರೆ 1939ರಲ್ಲಿ ಅದಕ್ಕೆ 21 ವರ್ಷ. ಮೆಲ್ಬರ್ನ್‌ನ ಶ್ರೈನ್‌ನ ನೆಲಮಾಳಿಗೆಯಲ್ಲಿ ರೇ ಯೂಅರ್ಸ್ ಮಾಡಿದ ಇನ್ನೊಂದು ಕಂಚಿನ ಶಿಲ್ಪವಿದೆ. ತಂದೆ ಮತ್ತು ಮಗ, ಎರಡು ಮಹಾಯುದ್ಧಗಳ ಎರಡು ತಲೆಮಾರು, ಇಬ್ಬರೂ ಸೈನಿಕರು.